ಹಲ್ಲಿ, ಹಾವುರಾಣಿಗಳ ಬೆಟ್ಟದ ನೆಂಟರು

ಕಳೆದ ವರ್ಷ ಶಾಲೆ ಶುರುವಾಗಿ ಎರಡನೇ ವಾರ. ಒಂಬತ್ತನೇ ತರಗತಿಯ ಹಿಂದಿನ ಬೆಂಚಿನ ಹತ್ತಿರ ದೊಡ್ಡ ಗಲಾಟೆ. ನಾನು ಹೋಗಿ ನೋಡುವಷ್ಟರಲ್ಲಿ ಪೊರಕೆಯ ಏಟಿಗೆ ಒಂದು ಹಾವುರಾಣಿ ಸತ್ತು ಬಿದ್ದಿತ್ತು. ಅದರ ಬಾಲ ಮಾತ್ರ ಒಂದು ಮೊಳ ದೂರದಲ್ಲಿ ಇನ್ನೂ ಕುಣಿಯುತ್ತಿತ್ತು. "ಕಚ್ಚಿದ್ರೆ ಅಲ್ಲೇ ಸಾವು ಸರ್" ಅಂದ ಪೊರಕೆ ಹಿಡಿದಿದ್ದ ಹುಡುಗ. ಯಾರು ಹೇಳಿದ್ದು ಅಂತ ಕೇಳಿದರೆ ನಾಲ್ಕೈದು ಮಕ್ಕಳು ಒಟ್ಟಿಗೇ ಮಲಯಾಳದ ಗಾದೆ ಹೇಳಿದರು: "ಅರಣ ಕಡಿಚ್ಚಾಲ್ ಉಡನೆ ಮರಣಂ." ಗಡಿಭಾಗದ ನಮ್ಮ ಮಕ್ಕಳಿಗೆ ಎರಡು ಮೂರು ಭಾಷೆ ಬರುತ್ತದೆ, ಎರಡು ಮೂರು ಭಾಷೆಯ ಹೆದರಿಕೆಗಳೂ ಜೊತೆಗೇ ಬರುತ್ತವೆ. ಅರಣ, ಮರಣ ಅನ್ನುವ ಪ್ರಾಸ ಅಷ್ಟು ಚೆನ್ನಾಗಿ ಕೂತದ್ದೇ ಆ ಪ್ರಾಣಿಯ ಗ್ರಹಚಾರ ಅಂತ ನನಗೆ ಅನ್ನಿಸುತ್ತದೆ.

ಹಾವುರಾಣಿಗೆ ವಿಷವಿಲ್ಲ. ವಿಷದ ಹಲ್ಲೂ ಇಲ್ಲ, ವಿಷದ ಗ್ರಂಥಿಯೂ ಇಲ್ಲ. ಗಟ್ಟಿಯಾಗಿ ಹಿಡಿದರೆ ಬಾಯಿ ಹಾಕಬಹುದು, ಚಿವುಟಿದ ಹಾಗೆ ಆಗಬಹುದು, ಅಷ್ಟೇ. ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ವಿಷ ಇಲ್ಲದಿದ್ರೂ ಸರ್, ಇದು ಎಲ್ಲಾ ಕಡೆ ಇರುವಂಥದ್ದಲ್ವಾ? ಒಂದು ಸತ್ತರೆ ಏನಾಗ್ತದೆ?"

ಒಳ್ಳೆ ಪ್ರಶ್ನೆ. ನಮ್ಮ ಅಂಗಳದ ಹಾವುರಾಣಿಯ ಮಟ್ಟಿಗೆ ನಿಜವಾದ ಉತ್ತರ, ಆ ಪ್ರಭೇದಕ್ಕೆ ಏನೂ ಆಗುವುದಿಲ್ಲ ಅಂತಲೇ. ಯುಟ್ರೋಪಿಸ್ ಕ್ಯಾರಿನೇಟಾ ಎಂಬ ಈ ಪ್ರಭೇದ ಭಾರತದ ಬಹುಭಾಗದಲ್ಲಿದೆ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶಗಳಲ್ಲೂ ಇದೆ. ಆದರೆ ಇದೇ ಹಾವುರಾಣಿಯ, ಇದೇ ಮನೆಹಲ್ಲಿಯ ನೆಂಟರು ವಯನಾಡು, ನೀಲಗಿರಿ, ಆನೆಮಲೆಗಳ ಕಾಡಿನಲ್ಲಿದ್ದಾರೆ. ಅವರ ವಿಷಯಕ್ಕೆ ಈ ಉತ್ತರ ಸಾಲುವುದಿಲ್ಲ. ಯಾಕೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ದಿನ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಅದು ಮುಗಿಯಲಿಲ್ಲ.

ಮೊದಲು ಹಲ್ಲಿಯ ಬೆರಳಿನಿಂದ ಶುರು ಮಾಡೋಣ. ಇದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ರಾತ್ರಿ ಕಿಟಕಿಯ ಗಾಜಿನ ಹೊರಗೆ ಹಲ್ಲಿ ಕೂತಾಗ ಒಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಬೆರಳಿನ ಅಡಿಯಲ್ಲಿ ಅಡ್ಡ ಪಟ್ಟಿಗಳು ಕಾಣುತ್ತವೆ. ಇನ್ನೂ ಸರಿಯಾಗಿ ನೋಡಿದರೆ ಹೆಚ್ಚಿನ ಪಟ್ಟಿಗಳು ನಡುವೆ ಸೀಳಿ, ಬೈತಲೆ ತೆಗೆದ ಹಾಗೆ ಎರಡು ಸಾಲಾಗಿರುತ್ತವೆ. ಮನೆಹಲ್ಲಿಯ ಕುಲದ ಹೆಸರು ಹೆಮಿಡ್ಯಾಕ್ಟಿಲಸ್. ಗ್ರೀಕ್‌ನಲ್ಲಿ ಅರ್ಧ ಬೆರಳು ಎಂದರ್ಥ. ಹೆಸರು ಬಂದದ್ದೇ ಈ ಸೀಳಿನಿಂದ. ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಟೋಕೇ ಎಂಬ ದೊಡ್ಡ ಹಲ್ಲಿಯ ಒಂದು ಪಾದದಲ್ಲಿ ಇಂಥವು ಸುಮಾರು 5 ಲಕ್ಷ. ಒಂದೊಂದರ ತುದಿ ಮತ್ತೆ ನೂರಾರು ಕವಲಾಗುತ್ತದೆ. ಅಂಟು ಇಲ್ಲ, ಗಾಳಿ ಹೀರುವ ಬಟ್ಟಲೂ ಇಲ್ಲ. ಗೋಡೆಯ ಅಣುಗಳಿಗೂ ಈ ತುದಿಗಳ ಅಣುಗಳಿಗೂ ನಡುವಿನ ವಾನ್ ಡರ್ ವಾಲ್ಸ್ ಆಕರ್ಷಣೆಯೇ ಹಲ್ಲಿಯನ್ನು ಹಿಡಿದಿಡುತ್ತದೆ. ಕೆಲ್ಲರ್ ಆಟಮ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2000 ಮತ್ತು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇದು ಸ್ಪಷ್ಟವಾಯಿತು.

ಇಲ್ಲಿಯವರೆಗೆ ನಾನೂ ವರ್ಷಗಟ್ಟಲೆ ಪಾಠ ಮಾಡಿದ್ದೇನೆ, "ಹಲ್ಲಿ ಅಂದ್ರೆ ಕಾಲಿನಲ್ಲಿ ಹಿಡಿಯುವ ಪಟ್ಟಿ ಇರುವ ಪ್ರಾಣಿ" ಅಂತ. ಅದು ತಪ್ಪು ಅಂತ ಗೊತ್ತಾದದ್ದು ವಯನಾಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ. ಮಟಮಟ ಮಧ್ಯಾಹ್ನ. ಕಾಡಿನ ದಾರಿಯ ಬದಿ, ಪಾಚಿ ಕಟ್ಟಿದ ಒಂದು ಬಂಡೆಯ ನೆರಳಿನಲ್ಲಿ ಕಿರುಬೆರಳಿಗಿಂತ ಸ್ವಲ್ಪ ಉದ್ದದ ಕಂದು ಬಣ್ಣದ ಹಲ್ಲಿ. ಹಗಲಲ್ಲಿ ಹಲ್ಲಿಗೇನು ಕೆಲಸ? ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಬೆರಳಿನಲ್ಲಿ ಪಟ್ಟಿಯ ಸುದ್ದಿಯೇ ಇಲ್ಲ. ಸಪೂರ, ಕೋಲಿನಂಥ ಬೆರಳು, ನಡುವೆ ಮೊಣಕೈ ಮಡಿಸಿದ ಹಾಗೆ ಬಾಗು, ತುದಿಯಲ್ಲಿ ಉಗುರು. ಕಣ್ಣಿನ ಪಾಪೆ ಮನೆಹಲ್ಲಿಯದ್ದರ ಹಾಗೆ ಲಂಬವಾದ ಗೀಟಲ್ಲ, ದುಂಡಗೆ, ನಮ್ಮದರ ಹಾಗೆ.

ಇದು ನೆಮಾಸ್ಪಿಸ್ ಕುಲದ ಹಗಲು ಹಲ್ಲಿ. ಇದರ ವಂಶ ಹಗಲಿನ ಬದುಕಿಗೆ ಹೊಂದಿಕೊಂಡದ್ದು, ಅದಕ್ಕೇ ದುಂಡು ಪಾಪೆ. ಒರಟು ಬಂಡೆ, ಮರದ ತೊಗಟೆಯ ಮೇಲೆ ಓಡಾಡಲು ಉಗುರು ಸಾಕು, ಪಟ್ಟಿ ಬೇಡ. ಮೊಟ್ಟೆ ಎರಡೆರಡು ಇಡುತ್ತದೆ, ಬಂಡೆಯ ಸಂದಿಯಲ್ಲಿ ಅಂಟಿಸಿ. ಬೇರೆ ಬೇರೆ ಹೆಣ್ಣುಗಳು ಒಂದೇ ಸಂದಿಯಲ್ಲಿ ಇಡುವುದೂ ಉಂಟು. ಹಾಗಾಗಿ ಒಂದೇ ಬಂಡೆ ಎಷ್ಟೋ ಹಲ್ಲಿಗಳಿಗೆ ಹೆರಿಗೆಮನೆ. ಒಂದು ಬಂಡೆ ಒಡೆದು ರಸ್ತೆಗೆ ಜಲ್ಲಿ ಮಾಡಿದರೆ ಎಷ್ಟು ಹೋಗುತ್ತದೆ ಅನ್ನುವುದು ಹೊರಗಿನಿಂದ ನೋಡುವವರಿಗೆ ತಿಳಿಯುವುದೇ ಇಲ್ಲ.

ವಯನಾಡಿನ ಹೆಸರು ಹೊತ್ತ ಹಗಲು ಹಲ್ಲಿಯೇ ಒಂದಿದೆ, ನೆಮಾಸ್ಪಿಸ್ ವಯನಾಡೆನ್ಸಿಸ್. ಮದ್ರಾಸ್ ಅರಣ್ಯ ಇಲಾಖೆಯಲ್ಲಿದ್ದ ರಿಚರ್ಡ್ ಹೆನ್ರಿ ಬೆಡ್ಡೋಮ್ 1870ರಲ್ಲಿ ಅದನ್ನು ವರ್ಣಿಸಿದ. ನೀಲಗಿರಿಯ ಎತ್ತರದಲ್ಲಿ ನೆಮಾಸ್ಪಿಸ್ ಇಂಡಿಕಾ, ಅಲ್ಲಿನ ಸಿಸ್ಪಾರದ ಹೆಸರಿನ ಸಿಸ್ಪಾರೆನ್ಸಿಸ್, ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನ ಹೆಸರಿನ ಕೊಟ್ಟಿಯೂರೆನ್ಸಿಸ್, ಗೋವಾದ ಹೆಸರಿನ ಗೋವಾಯೆನ್ಸಿಸ್. ನಮ್ಮ ಈ ಪತ್ರಿಕೆ ತಲುಪುವ ಊರುಗಳ ಹೆಸರೇ ಎಷ್ಟು ಬರುತ್ತವೆ ನೋಡಿ! ಎಲ್ಲ ಹಳೆಯ ಪಟ್ಟಿ ಅಂತ ತಿಳಿಯಬೇಡಿ. ಕೊಟ್ಟಿಯೂರಿನದ್ದು ಸೇರಿದ್ದು 2014ರಲ್ಲಿ. 2021ರಲ್ಲಿ ಒಂದೇ ಪ್ರಬಂಧದಲ್ಲಿ ಪಶ್ಚಿಮ ಘಟ್ಟದಿಂದ ಈ ಗುಂಪಿನ 12 ಹೊಸ ಪ್ರಭೇದಗಳನ್ನು ವರ್ಣಿಸಲಾಯಿತು.

ಇನ್ನೊಂದು ಹಲ್ಲಿಯ ಕತೆ ಇದಕ್ಕಿಂತ ಚೆಂದ. ಇದೂ ಬೆಟ್ಟದ್ದೇ, ಆದರೆ ರಾತ್ರಿ ಸಂಚಾರಿ. ನೋಡಲು ಥೇಟ್ ಮನೆಹಲ್ಲಿ. 1875ರಲ್ಲಿ ಆನೆಮಲೆಯಿಂದ ಬಂದ ಮಾದರಿಗೆ ಗ್ಯುಂಥರ್ ಹೆಸರಿಟ್ಟ. 1933ರಲ್ಲಿ ಮ್ಯಾಲ್ಕಂ ಸ್ಮಿತ್, ಇದರ ಬೆರಳಿನ ಪಟ್ಟಿಗಳು ಸೀಳಿಲ್ಲ, ಇಡಿಯಾಗಿವೆ, ಹಾಗಾಗಿ ಮನೆಹಲ್ಲಿಯ ಕುಲಕ್ಕೆ ಸೇರಿದ್ದಲ್ಲ ಅಂತ ಹೇಳಿ ದ್ರಾವಿಡೋಗೆಕೊ ಎಂಬ ಹೊಸ ಕುಲ ಮಾಡಿದ. ಕಿಟಕಿಯ ಗಾಜಿನಲ್ಲಿ ನಾವು ನೋಡಿದ ಆ ಬೈತಲೆ ಇದೆಯಲ್ಲ, ಅದೇ ವ್ಯತ್ಯಾಸ. ಬಹುಕಾಲ ಈ ಕುಲದಲ್ಲಿ ಇದ್ದದ್ದು ಒಂದೇ ಪ್ರಭೇದ ಅಂತ ಲೆಕ್ಕ. ವಯನಾಡಿನಲ್ಲಿ ಸಿಕ್ಕಿದ್ದೂ ಅದೇ, ಕೊಡೈಕನಾಲಿನಲ್ಲಿ ಸಿಕ್ಕಿದ್ದೂ ಅದೇ, ಮೇಘಮಲೆಯಲ್ಲಿ ಸಿಕ್ಕಿದ್ದೂ ಅದೇ.

2019ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿದ ತಂಡವೊಂದು ಬೆಟ್ಟ ಬೆಟ್ಟದ ಮಾದರಿಗಳ ಡಿಎನ್‌ಎ ಹೋಲಿಸಿ ನೋಡಿತು. ಒಂದು ಅಂದುಕೊಂಡದ್ದು ಏಳಾಯಿತು! ಆರು ಹೊಸ ಹೆಸರು. ವಯನಾಡಿನದ್ದು ಸೆಪ್ಟೆಂಟ್ರಿಯೋನಾಲಿಸ್, ಅಂದರೆ ಉತ್ತರದ್ದು. ಒಂದಕ್ಕೆ ಜಾನಕಿಯೇ ಎಂಬ ಹೆಸರು, ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರದ್ದು. ಒಂದಕ್ಕೆ ಮೇಘಮಲೆಯದ್ದು, ಒಂದಕ್ಕೆ ಹಿಂದೆ ಹೇಳಿದ ಸ್ಮಿತ್‌ನದ್ದು, ಒಂದಕ್ಕೆ ಇಂಗ್ಲಿಷ್ ಹಾಸ್ಯ ಲೇಖಕ ಡಗ್ಲಸ್ ಆಡಮ್ಸ್‌ನದ್ದು. ಇನ್ನೊಂದರ ಹೆಸರು ತೊಲ್‌ಪಲ್ಲಿ. ಹಳೆಯ ತಮಿಳಿನಲ್ಲಿ ಪುರಾತನ ಹಲ್ಲಿ ಎಂದರ್ಥ. ಪಲ್ಲಿಯೇ ನಮ್ಮ ಹಲ್ಲಿ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ಲಿ ಹಲ್ಲಿಯಾಯಿತು. ನಿಮ್ಮ ಶಾಲೆಯ ಕನ್ನಡ ಪಂಡಿತರಿಗೆ ಇದನ್ನು ಹೇಳಿ ನೋಡಿ, ವಿಜ್ಞಾನದ ಹೆಸರಿನಲ್ಲಿ ತಮ್ಮ ಪಾಠ ಸಿಕ್ಕಿತು ಅಂತ ಖುಷಿಪಡುತ್ತಾರೆ.

ಹಾವುರಾಣಿಯ ಕಡೆಗೆ ಬರೋಣ. ಹಲ್ಲಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪೊರೆ. ಧೂಳು ಬಿದ್ದರೆ ನಾಲಿಗೆಯಲ್ಲಿ ನೆಕ್ಕಿ ಒರೆಸುತ್ತದೆ. ಹಾವುರಾಣಿಗೆ ರೆಪ್ಪೆ ಇದೆ. ಮೈಮೇಲೆ ಮೀನಿನ ಹಾಗೆ ಒಂದರ ಮೇಲೊಂದು ಕೂತ ಹುರುಪೆ, ಅದರ ಅಡಿಯಲ್ಲಿ ತೆಳುವಾದ ಎಲುಬಿನ ಚಕ್ಕೆಗಳು. ಅದಕ್ಕೇ ಆ ಹೊಳಪು, ಆ ಗಡಸು. ತರಗೆಲೆಯ ನಡುವೆ ನುಸುಳುವ ಬದುಕಿಗೆ ಇದು ಸರಿಯಾದ ಅಂಗಿ. ಬಾಲ ಕಳಚುವ ವಿದ್ಯೆ ಎರಡಕ್ಕೂ ಗೊತ್ತು. ಬಾಲದ ಕಶೇರುಮಣಿಯ ಒಳಗೇ ಮುರಿಯುವ ಗೆರೆ ಮೊದಲೇ ಇರುತ್ತದೆ. ಮತ್ತೆ ಬೆಳೆಯುವ ಬಾಲದಲ್ಲಿ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕೋಲು ಮಾತ್ರ.

ಘಟ್ಟದ ಕಾಡಿನಲ್ಲಿ ಮಾತ್ರ ಸಿಗುವ ಒಂದು ಹಾವುರಾಣಿ ಕುಲ ರಿಸ್ಟೆಲ್ಲಾ. ನಾಲ್ಕೇ ಪ್ರಭೇದ, ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಉಗುರುಗಳು ಬೆಕ್ಕಿನ ಉಗುರಿನ ಹಾಗೆ ಒರೆಯೊಳಗೆ ಹೋಗುತ್ತವೆ! ಹಲ್ಲಿ, ಹಾವುರಾಣಿಗಳ ಲೋಕದಲ್ಲಿ ಇದು ಅಪರೂಪ. ಇದರ ಅತಿ ಹತ್ತಿರದ ಸಂಬಂಧಿಗಳಿರುವುದು ಶ್ರೀಲಂಕಾದಲ್ಲಿ, ಲಂಕಾಸಿಂಕಸ್ ಎಂಬ ಕುಲ. ಸಮುದ್ರಮಟ್ಟ ತಗ್ಗಿದ್ದ ಕಾಲಗಳಲ್ಲಿ ಎರಡು ನೆಲಗಳ ನಡುವೆ ದಾರಿ ಇತ್ತು ಅನ್ನುವುದನ್ನು ಪಾಠದಲ್ಲಿ ಹೇಳುವಾಗ ಇಂಥ ಒಂದು ಉದಾಹರಣೆ ಸಾಕು. ಇನ್ನೊಂದು ಕುಲ ಕೆಸ್ಟ್ಲಿಯಾ. ಇದೂ ಘಟ್ಟಕ್ಕೇ ಸೀಮಿತ. ಕೆಲವಕ್ಕೆ ಬಾಲ ನೀಲಿ. ಇದರಲ್ಲಿ ಬೈಲಿನಿಯೇಟಾ ಎಂಬುದು ನೀಲಗಿರಿಯ ಶೋಲಾ ಕಾಡು, ಹುಲ್ಲುಗಾವಲಿನದ್ದು.

ಈಗ ಆ ಹುಡುಗಿಯ ಪ್ರಶ್ನೆ. ನಮ್ಮ ಹಾವುರಾಣಿ ನಾಲ್ಕು ದೇಶಕ್ಕೆ ಹರಡಿದೆ, ದ್ರಾವಿಡೋಗೆಕೊ ಒಂದೊಂದು ಬೆಟ್ಟದ ಸಾಲಿಗೆ ಒಂದೊಂದಾಗಿ ನಿಂತಿದೆ. ಯಾಕೆ?

ಆದೋನಿ, ರಾಯದುರ್ಗ, ಸೊಲ್ಲಾಪುರದ ಕಡೆಯ ಓದುಗರು ತಮ್ಮ ಊರಿನ ಓತಿಕ್ಯಾತವನ್ನು ನೆನೆಯಿರಿ. ಅದು ಡಿಸೆಂಬರಿನ ಬೆಳಗಿನ ಚಳಿಯನ್ನೂ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲನ್ನೂ ಒಂದೇ ವರ್ಷದಲ್ಲಿ ಕಾಣುತ್ತದೆ. ಎರಡಕ್ಕೂ ಒಗ್ಗಿದ ದೇಹ ಅದರದ್ದು. ಬಿಸಿಲಿಗೆ ಬಂದು ಮೈ ಕಾಯಿಸುತ್ತದೆ, ಹೆಚ್ಚಾದರೆ ನೆರಳಿಗೆ ಹೋಗುತ್ತದೆ. 'ಶೀತರಕ್ತ' ಅನ್ನುವ ನಮ್ಮ ಪಾಠದ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಬಿಸಿಲಿನಲ್ಲಿ ಕೂತ ಓತಿಯ ರಕ್ತ ತಣ್ಣಗೇನೂ ಇರುವುದಿಲ್ಲ. ದಟ್ಟ ಬೆಟ್ಟದ ಕಾಡಿನ ನೆಲದಲ್ಲಿ ಬೇರೆಯದೇ ಲೆಕ್ಕ. ಮೈ ಕಾಯಿಸಲು ಬಿಸಿಲಿನ ತುಂಡೇ ಕಡಿಮೆ. ಅಲ್ಲಿನ ಹಲ್ಲಿ, ಹಾವುರಾಣಿಗಳ ಮೈಬಿಸಿ ಹೆಚ್ಚುಕಡಿಮೆ ಸುತ್ತಲ ಗಾಳಿಯದ್ದೇ. ಆ ಗಾಳಿಯೋ, ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಹೀಗೆ ಲಕ್ಷಾಂತರ ವರ್ಷ ಬದುಕಿದ ಪ್ರಾಣಿಗೆ ಸಣ್ಣ ವ್ಯಾಪ್ತಿಯ ಉಷ್ಣತೆ ಮಾತ್ರ ಹೊಂದುತ್ತದೆ.

ಅಂಥದ್ದಕ್ಕೆ ಕಣಿವೆ ಅಂದರೆ ಗೋಡೆ. 1967ರಲ್ಲಿ ಡೇನಿಯಲ್ ಜಾನ್ಜೆನ್ ಎಂಬ ಪರಿಸರ ವಿಜ್ಞಾನಿ ಒಂದು ಪ್ರಬಂಧ ಬರೆದ. ಉಷ್ಣವಲಯದಲ್ಲಿ ಬೆಟ್ಟದ ಕಣಿವೆದಾರಿಗಳು ಯಾಕೆ ಹೆಚ್ಚು ಎತ್ತರ ಅನ್ನುವುದು ಅದರ ಶೀರ್ಷಿಕೆಯ ಅರ್ಥ. ಎತ್ತರ ಅಂದದ್ದು ಮೀಟರಿನ ಲೆಕ್ಕದಲ್ಲಲ್ಲ, ಪ್ರಾಣಿಯ ಲೆಕ್ಕದಲ್ಲಿ. ಯುರೋಪಿನ ತಗ್ಗಿನ ಪ್ರಾಣಿ ಪ್ರತಿ ಚಳಿಗಾಲ ತನ್ನ ಊರಿನಲ್ಲೇ ಬೆಟ್ಟದ ಮೇಲಿನಂಥ ಚಳಿ ಕಂಡಿರುತ್ತದೆ. ಬೆಟ್ಟ ಹತ್ತಿದರೆ ಅದಕ್ಕೆ ಹೊಸತೇನಿಲ್ಲ. ನಮ್ಮ ಕಡೆ ತಗ್ಗಿನದ್ದಕ್ಕೆ ಎಂದೂ ಅಂಥ ಚಳಿ ಇಲ್ಲ, ಬೆಟ್ಟದ ಮೇಲಿನದ್ದಕ್ಕೆ ಎಂದೂ ಅಂಥ ಸೆಕೆ ಇಲ್ಲ. ಪಾಲಕ್ಕಾಡಿನ ಕಣಿವೆ 30–40 ಕಿ.ಮೀ. ಅಗಲ. ಬಸ್ಸಿನಲ್ಲಿ ಒಂದು ಗಂಟೆ. ತಂಪಿಗೆ ಕಟ್ಟುಬಿದ್ದ ಮೂರಿಂಚಿನ ಹಲ್ಲಿಗೆ ಅದು ಸಮುದ್ರ. ಅತ್ತಲಿನವು ಅತ್ತಲೇ, ಇತ್ತಲಿನವು ಇತ್ತಲೇ ಉಳಿದು, ಮರಿ ಮಕ್ಕಳಾಗಿ, ಕೊನೆಗೆ ಬೇರೆ ಬೇರೆ ಪ್ರಭೇದಗಳಾದವು. ಹೊರಗಿನ ಬದುಕು ಒಂದೇ ಥರ ಇದ್ದದ್ದರಿಂದ ರೂಪ ಹೆಚ್ಚು ಬದಲಾಗಲಿಲ್ಲ; ಅದಕ್ಕೇ ನಮ್ಮ ಕಣ್ಣಿಗೆ ಒಂದೇ ಹಾಗೆ ಕಂಡದ್ದು.

ಅಷ್ಟೊಂದು ಪ್ರಭೇದ ಹುಟ್ಟಿಸಿದ ಈ ಗುಣವೇ ಈಗ ಅವಕ್ಕೆ ಉರುಳಾಗಿದೆ. ಇದನ್ನು ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಬಹುದು, ಹತ್ತನೇ ತರಗತಿಯವರಿಗೆ ಸಾಕಾಗುವಷ್ಟೇ ಗಣಿತ. ಸಾವಿರ ಮೀಟರ್ ಏರಿದರೆ ಗಾಳಿ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಕಡಲ ಬದಿಯಲ್ಲಿ 30 ಇದ್ದರೆ 2000 ಮೀಟರಿನಲ್ಲಿ 17. ತಿರುಗಿಸಿ ನೋಡಿ: ಹವೆ 1 ಡಿಗ್ರಿ ಬಿಸಿಯಾದರೆ ಹಳೆಯ ತಂಪು ಸಿಗಲು ಸುಮಾರು 150 ಮೀಟರ್ ಮೇಲೆ ಹೋಗಬೇಕು, 2 ಡಿಗ್ರಿಗೆ 300 ಮೀಟರ್. ವಯನಾಡಿನ ಚೆಂಬ್ರ ಬೆಟ್ಟ 2100 ಮೀಟರ್. ಲೆಕ್ಕಕ್ಕೋಸ್ಕರ, 1200 ಮೀಟರಿನಿಂದ ಮೇಲೆ ಮಾತ್ರ ಬದುಕುವ ಒಂದು ಹಲ್ಲಿ ಅಂತ ಇಟ್ಟುಕೊಳ್ಳಿ. ಅದಕ್ಕೆ ಇರುವ ಎತ್ತರ 900 ಮೀಟರ್. 2 ಡಿಗ್ರಿ ಬಿಸಿಯಾದ ಮೇಲೆ 600. ಮೂರರಲ್ಲಿ ಎರಡು ಪಾಲು ಉಳಿಯಿತಲ್ಲ ಅಂತ ಮಕ್ಕಳು ಹೇಳುತ್ತಾರೆ. ಇಲ್ಲ. ಬೆಟ್ಟ ಕಂಬವಲ್ಲ, ಹೆಚ್ಚುಕಡಿಮೆ ಶಂಕು. ತುದಿಯಿಂದ ಅಳೆದ ಎತ್ತರದ ವರ್ಗಕ್ಕೆ ತಕ್ಕ ಹಾಗೆ ಜಾಗ. 6ರ ವರ್ಗ 36, 9ರ ವರ್ಗ 81. ಉಳಿಯುವುದು ಶೇ. 44, ಅರ್ಧಕ್ಕಿಂತ ಕಡಿಮೆ. ಇದು ಕರಡು ಲೆಕ್ಕ, ನಿಜವಾದ ಬೆಟ್ಟದಲ್ಲಿ ತೊರೆ, ಸಂದು, ನೆರಳುಗಳಿವೆ. ಆದರೆ ದಿಕ್ಕು ಇದೇ. ಚೆಂಬ್ರದ ತುದಿಯ ಮೇಲೆ ಇನ್ನೊಂದು ಚೆಂಬ್ರ ಇಲ್ಲ. ಪಕ್ಕದ ಎತ್ತರದ ಬೆಟ್ಟಕ್ಕೆ ಹೋಗಬೇಕಾದರೆ ಮೊದಲು ಸೆಕೆಯ ತಗ್ಗಿಗೆ ಇಳಿಯಬೇಕು.

ಇದು ಬರೀ ಹಲಗೆಯ ಮೇಲಿನ ಮಾತೂ ಅಲ್ಲ. ಮೆಕ್ಸಿಕೊದಲ್ಲಿ ಸ್ಕೆಲೋಪೊರಸ್ ಎಂಬ ಓತಿಗಳ 48 ಪ್ರಭೇದಗಳನ್ನು ಹಿಂದೆ ದಾಖಲಿಸಿದ್ದ 200 ಜಾಗಗಳಿಗೆ ಬ್ಯಾರಿ ಸಿನರ್ವೊ ಮತ್ತು ಸಂಗಡಿಗರು ಮತ್ತೆ ಹೋಗಿ ನೋಡಿದರು. 2010ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, 1975ರಿಂದೀಚೆಗೆ ಶೇ. 12 ಜಾಗಗಳಲ್ಲಿ ಓತಿ ಇಲ್ಲವಾಗಿತ್ತು. ಬಿಸಿಲಿಗೆ ಬೆಂದು ಸತ್ತದ್ದಲ್ಲ. ಹೊರಗೆ ಸೆಕೆ ಹೆಚ್ಚಾಗಿ ಬಿಲದಲ್ಲೇ ಕೂರಬೇಕಾದ ಗಂಟೆಗಳು ಹೆಚ್ಚಾದವು, ಹುಳ ಹಿಡಿಯುವ ಹೊತ್ತು ಕಡಿಮೆಯಾಯಿತು, ಮರಿ ಮಾಡಬೇಕಾದ ಹೆಣ್ಣುಗಳಿಗೆ ಆಹಾರ ಸಾಲದೆ ಹೋಯಿತು. ಸಾವು ಎಲ್ಲೂ ಕಾಣುವುದಿಲ್ಲ, ಸಂಖ್ಯೆ ಮಾತ್ರ ಇಳಿಯುತ್ತದೆ. ಕಾಡಿನ ನೆರಳಿನ ಪ್ರಭೇದಗಳಿಗೆ ಇನ್ನೊಂದು ತೊಂದರೆ: ಬಿಸಿಯಾದ ಕಾಡಿನೊಳಕ್ಕೆ ತೆರೆದ ಜಾಗದ, ಸೆಕೆಗೆ ಒಗ್ಗಿದ ಪ್ರಭೇದಗಳು ಬಂದು ಕೂರುತ್ತವೆ.

ಇದಕ್ಕಿಂತ ವೇಗದ ಕೆಲಸ ನಮ್ಮ ಕೈಯಿಂದ ಆಗಿದೆ ಮಾರಾಯ್ರೇ. ನೀಲಗಿರಿಯಲ್ಲಿ ಶೋಲಾ, ಹುಲ್ಲುಗಾವಲು ಹೋಗಿ ಚಹಾ, ನೀಲಗಿರಿ ಮರ, ವ್ಯಾಟಲ್ ಬಂದು ನೂರು ವರ್ಷಕ್ಕೂ ಹೆಚ್ಚಾಯಿತು. ಹಸಿರು ಹಸಿರೇ ಕಾಣುತ್ತದೆ. ಮೇಲಿನಿಂದ ನೋಡುವ ನಮಗೆ ಅದು ಹಸಿರು, ತರಗೆಲೆಯ ಅಡಿಯಲ್ಲಿ ಬದುಕುವ ಕೆಸ್ಟ್ಲಿಯಾಕ್ಕೆ ಅದು ಬೇರೆಯೇ ಊರು.

ಆ ತರಗೆಲೆಯ ಅಡಿ ಎಷ್ಟು ಬೇರೆ ಅನ್ನುವುದನ್ನು ಮಕ್ಕಳಿಗೆ ತೋರಿಸಲು ನಾವೊಂದು ಸುಲಭದ ಕೆಲಸ ಮಾಡಿದೆವು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಲ್ಯಾಬಿನ ಎರಡು ಥರ್ಮಾಮೀಟರು. ಒಂದನ್ನು ಆಟದ ಮೈದಾನದ ಬರೀ ನೆಲದ ಮೇಲೆ, ಇನ್ನೊಂದನ್ನು ಶಾಲೆಯ ಹಿಂದಿನ ಹಲಸಿನ ಮರದಡಿ, ಒಂದು ಗೇಣು ತರಗೆಲೆಯ ಒಳಗೆ ಇಟ್ಟೆವು. ಹತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂತು. ಥರ್ಮಾಮೀಟರು ಕೆಟ್ಟಿದೆ ಅಂತ ಒಬ್ಬ ವಾದ ಮಾಡಿದ, ಅದಲುಬದಲು ಮಾಡಿ ಇಟ್ಟರೂ ಅದೇ ಉತ್ತರ. ನಮ್ಮ ಕಡೆ ಅಡಿಕೆ ತೋಟಕ್ಕೆ ಅಂತ ಗುಡ್ಡದ ತರಗೆಲೆಯನ್ನೆಲ್ಲ ಗುಡಿಸಿ ತರುವುದು ರೂಢಿ. ಅದು ತಪ್ಪು ಅಂತ ರೈತರ ಮಕ್ಕಳಿಗೆ ಹೇಳುವ ಧೈರ್ಯ ನನಗಿಲ್ಲ, ಗೊಬ್ಬರಕ್ಕೆ ಅವರು ಇನ್ನೆಲ್ಲಿಗೆ ಹೋಗಬೇಕು? ಒಂದು ಮೂಲೆ ಗುಡಿಸದೆ ಬಿಡಿ ಅಂತ ಮಾತ್ರ ಹೇಳಿದ್ದೇನೆ. ಶಾಲೆಯ ಹಲಸಿನ ಮರದಡಿ ನಾವು ಬಿಟ್ಟಿದ್ದೇವೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಕೆಂಪು ಬಾಲದ ಒಂದು ಸಣ್ಣ ಹಾವುರಾಣಿ ಕಂಡಿತು. ಸ್ಫೀನೊಮಾರ್ಫಸ್ ಡುಸುಮಿಯೇರಿ ಎಂಬ ಪ್ರಭೇದದ ಮರಿ ಅಂತ ಕಾಣುತ್ತದೆ, ಅದಕ್ಕೆ ಮರಿಯಲ್ಲಿ ಬಾಲ ಕೆಂಪು. ಅದನ್ನು ಮೊದಲು ಕಂಡು ಓಡಿಬಂದು ಹೇಳಿದ್ದು ಅದೇ ಪೊರಕೆಯ ಹುಡುಗ. ಹತ್ತಿರ ಹೋಗಲು ಅವನಿಗೆ ಈಗಲೂ ಹೆದರಿಕೆಯೇ, ಗಾದೆ ಅಷ್ಟು ಬೇಗ ಬಿಡುವುದಿಲ್ಲ. ಆದರೆ ಪೊರಕೆ ತರಲಿಲ್ಲ.

ಥರ್ಮಾಮೀಟರಿನ ಈ ಕೆಲಸವನ್ನು ನಾವೆಲ್ಲ ಒಂದೇ ದಿನ ಮಾಡಬಹುದಲ್ವಾ? ಕಡಲ ಬದಿಯ ನಾವು, ವಯನಾಡಿನವರು, ತಾಳವಾಡಿಯವರು, ನೀಲಗಿರಿಯವರು, ಬಯಲುಸೀಮೆಯವರು. ಮುಂದಿನ ಮಾರ್ಚ್‌ನ ಮೊದಲ ಶುಕ್ರವಾರ, ಮಧ್ಯಾಹ್ನ 12 ಗಂಟೆಗೆ. ಬರೀ ನೆಲ ಒಂದು, ತರಗೆಲೆಯ ಅಡಿ ಒಂದು, ಕಲ್ಲಿನ ಸಂದಿ ಇದ್ದರೆ ಅದೂ ಒಂದು. ಜೊತೆಗೆ ನಿಮ್ಮ ಶಾಲೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಅಂತ ಬರೆಯಿರಿ. ಹಲ್ಲಿ, ಹಾವುರಾಣಿ ಕಂಡರೆ ದೂರದಿಂದ ಒಂದು ಫೋಟೊ ಸಾಕು, ಹಿಡಿಯಲು ಹೋಗಬೇಡಿ, ಕಲ್ಲು ಮಗುಚಿದರೆ ಇದ್ದ ಹಾಗೇ ಇಡಿ. ಅಂಕಿಗಳನ್ನು ಈ ಪತ್ರಿಕೆಗೆ ಕಳಿಸಿದರೆ ಎತ್ತರಕ್ಕೂ ಉಷ್ಣತೆಗೂ ಒಂದು ಗ್ರಾಫ್ ಹಾಕಿ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ. ಗೆರೆ 6.5ರ ಇಳಿಜಾರಿಗೆ ಎಷ್ಟು ಹತ್ತಿರ ಬರುತ್ತದೆ ಅಂತ ನೋಡೋಣ.